ಮೋಡದಲ್ಲಿ ಖಾತೆ ಬದಲಾವಣೆ

ಸ್ವಂತ ಡೊಮೈನ್ ಹೆಸರಿಟ್ಟುಕೊಂಡು ಮನೆಮಂದಿಗೆಲ್ಲ ಇಮೇಲ್ ಹಂಚುವ ಚಪಲ ಒಂದು ಕಾಲಕ್ಕೆ ಪುಕ್ಕಟೆಯಾಗಿಯೇ ತೀರುತ್ತಿತ್ತು. ಗೂಗಲ್ 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ಆ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಹಳಬರೂ ದುಡ್ಡು ಬಿಚ್ಚಬೇಕೆಂದಿತು. ಗೊಣಗಾಟ ಜೋರಾದ ಮೇಲೆ ಮೇ ತಿಂಗಳಲ್ಲಿ, ಮನೆಬಳಕೆಯವರು ಬೇಕಾದರೆ ಹಾಗೇ ಇರಿ ಎಂದಿತು. ಅಷ್ಟರಲ್ಲಿ ಅವಸರದವರು ಗಂಟುಮೂಟೆ ಕಟ್ಟಿಯಾಗಿತ್ತು. ನಮ್ಮ ಸಂಸಾರ ಯಾವ ಮೋಡ ಬಿಟ್ಟು ಯಾವ ಮೋಡ ಸೇರಿತು ಎಂಬುದು ಬೇಡ. ಸೇರಿತು, ಅಷ್ಟೆ.

ನಮ್ಮವರು ನ್ಯೂಜೆರ್ಸಿಯ ಆಫೀಸಿನಲ್ಲಿ ಬ್ಯಾಂಕುಗಳನ್ನೇ ಕ್ಲೌಡ್‌ನಿಂದ ಕ್ಲೌಡ್‌ಗೆ ದಾಟಿಸುವವರು. ಎಡಿಸನ್‌ನಲ್ಲಿ ಶನಿವಾರ ರಾತ್ರಿ ಒಂಬತ್ತು, ಬದನಗುಪ್ಪೆಯಲ್ಲಿ ಭಾನುವಾರ ಬೆಳಗ್ಗೆ ಆರೂವರೆ, ಮೈದುನನ ಮೆಲ್ಬರ್ನ್‌ನಲ್ಲಿ ಹನ್ನೊಂದು ಎಂದು ಲೆಕ್ಕಹಾಕಿ ಮುಹೂರ್ತವಿಟ್ಟರು. ಅರಿಸಿನದ ಹೊಲಕ್ಕೆ ಹೊರಟಿದ್ದ ಮಾವನವರು ವಿಡಿಯೋ ಕಾಲ್‌ನಲ್ಲಿ ಕೇಳಿದ್ದು ಒಂದೇ ಮಾತು: “ಅದೆಲ್ಲಾ ಸರಿ ಮೊಗ, ಕಡತ ಯಾರ ಹೆಸರಲ್ಲದ?”

ಊರ ಮಗ್ಗುಲಲ್ಲೇ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಎದ್ದಿರುವಾಗ ಇದು ತಮಾಷೆಯ ಪ್ರಶ್ನೆಯಲ್ಲ. ಜಮೀನು ಯಾರದೆಂದು ಪಹಣಿ ಹೇಳಬೇಕೇ ಹೊರತು ಉಳುವ ಎತ್ತು ಹೇಳುವುದಿಲ್ಲ. ಮೋಡದಲ್ಲೂ ಅದೇ ಕಾನೂನು, ಪ್ರತಿ ಫೈಲಿಗೂ ಒಬ್ಬ ವಾರಸುದಾರ. ನಮ್ಮ ಅರ್ಧ ಕಡತಗಳ ವಾರಸುದಾರಿಕೆ, ಮದುವೆಗೆ ಮುಂಚೆ ನಾದಿನಿ ತೆರೆದು ಪಾಸ್‌ವರ್ಡ್ ಮರೆತ ಖಾತೆಯದು. ಆಕೆಯೀಗ ಮಸ್ಕತ್‌ನಲ್ಲಿ. ಅಲ್ಲಿ ಬೆಳಗಿನ ಐದು ಗಂಟೆ. ಎಬ್ಬಿಸಿದ್ದಾಯಿತು.

ಹಳೆಯ ಮೇಲ್‌ನಲ್ಲಿ ಲೇಬಲ್ ಅಂಟಿಸುವ ಪದ್ಧತಿ, ಹೊಸದಕ್ಕೆ ಫೋಲ್ಡರ್ ಬಿಟ್ಟರೆ ಬೇರೆ ತಿಳಿಯದು. ‘ಅಮ್ಮ’, ‘ಆಸ್ಪತ್ರೆ’, ‘ಅರ್ಜೆಂಟ್’ ಎಂದು ಮೂರು ಚೀಟಿ ಅಂಟಿದ್ದ ಅತ್ತೆಯವರ ಶುಗರ್ ರಿಪೋರ್ಟು ಮೂರು ಪ್ರತಿಯಾಗಿ ಬಂದಿಳಿಯಿತು. “ಮೂರ್ ಸಲ ಟೆಸ್ಟ್ ಮಾಡ್ಸಿ ನಂಗೊಂದ್ ಮಾತು ಹೇಳ್ನಿಲ್ವಲ್ಲ” ಎಂದು ನಾದಿನಿ ಅತ್ತಳು. ಫೋಟೋಗಳ ತಾರೀಖೆಲ್ಲ ಬೇರೊಂದು ಪುಟಾಣಿ ಫೈಲಿನಲ್ಲಿ ಕುಳಿತಿತ್ತಂತೆ. ಸ್ಕ್ಯಾನ್ ಮಾಡಿಟ್ಟಿದ್ದ ಹಳೇ ಚಿತ್ರಗಳಿಗೆ ಇಳಿಸಿಕೊಂಡ ದಿನವೇ ಹುಟ್ಟಿದ ದಿನವಾಯಿತು. ಅತ್ತೆ–ಮಾವನ ಧಾರೆ, ಅವರ ಮೊಮ್ಮಗನ ನಾಮಕರಣ, ಎರಡೂ ಅದೇ ಶನಿವಾರ! “ಖರ್ಚು ಉಳೀತು ಬುಡಿ” ಎಂದರು ಅತ್ತೆ.

ಯಾರು ಏನು ನೋಡಬಾರದು ಎಂಬ ಕಟ್ಟುಪಾಡು ಮಾತ್ರ ಜೊತೆಗೆ ಬರಲಿಲ್ಲ. ನಮ್ಮವರು ಎಲ್ಲವನ್ನೂ ‘ಮನೆ’ ಎಂಬ ಒಂದೇ ಫೋಲ್ಡರಿಗೆ ಸುರಿದರು. ಆ ಫೋಲ್ಡರಿಗೆ ಪ್ರವೇಶವಿದ್ದವರಿಗೆ ಒಳಗಿನದೆಲ್ಲಕ್ಕೂ ಪ್ರವೇಶ. ಅದರಲ್ಲಿ ಅತ್ತೆಯವರು ಹೇಳಿ ನಾನು ಟೈಪು ಮಾಡಿದ್ದ ಮುಯ್ಯಿ ಲೆಕ್ಕವಿತ್ತು. ಹೆಸರು, ಮೊತ್ತ, ಷರಾ. ಮೊದಲೆರಡು ನಿರಪಾಯ. ಷರಾ ಕಾಲಂನಲ್ಲಿ ಅತ್ತೆ ಮನಸ್ಸು ಬಿಚ್ಚಿದ್ದರು: “ಯಾರೋ ಕೊಟ್ಟಿದ್ ಸೀರೆನೇ ದಾಟ್ಸವ್ರೆ”, “ಐನೂರು ಕೊಟ್ಟು ಆರ್ ಜನ ಉಂಡೋದ್ರು”, ನಾದಿನಿಯ ಅತ್ತೆಮನೆಯವರ ಹೆಸರಿನ ಮುಂದೆ “ಬರೀ ಬಾಳೆಹಣ್ಣು”.

ಮಸ್ಕತ್‌ನಿಂದ ಫೋನು ಬರಲಿಲ್ಲ. ಹಾಳೆಯಲ್ಲಿ ನಾಲ್ಕನೆಯ ಕಾಲಂ ಬಂತು: “ನಮ್ ಗೃಹಪ್ರವೇಶಕ್ಕೆ ಅಣ್ಣ–ಅತ್ತಿಗೆ: ಗೋಡೆ ಗಡಿಯಾರ. ಸೆಲ್ ಇಲ್ಲ.” ಮೆಲ್ಬರ್ನ್ ಮೈದುನನೂ ಎಡಿಟ್ ಪರ್ಮಿಶನ್ ಕೇಳಿದ್ದಾನೆ. ಅವನ ಹೆಂಡತಿ ಪರ್ಮಿಶನ್ನಿಗೂ ಕಾಯದೆ ಬೇರೆ ಹಾಳೆಯನ್ನೇ ತೆರೆದಿದ್ದಾಳಂತೆ.