ಸಾವಿರ ಸಿಸಿ ಸರದಾರರು

ಪವರ್ ವಿಚಾರದಲ್ಲಿ ಶಿಕಾರಿಪುರ, ಸೊರಬದವರಿಗೆ ಹೊರಗಿನವರು ಬಂದು ಪಾಠ ಹೇಳಬೇಕಾಗಿಲ್ಲ. ಅಕ್ಕಪಕ್ಕದ ಎರಡು ತಾಲ್ಲೂಕು ಸೇರಿ ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟು ಬಂದಿದ್ದು ಸೊರಬದ ಬಂಗಾರಪ್ಪನವರ ಕಾಲದಲ್ಲಿ. ಅವತ್ತಿನಿಂದ ಎಚ್‌ಪಿ ಅನ್ನುವುದು ನಮ್ಮಲ್ಲಿ ಅಳತೆಯಾಗಿ ಉಳಿಯಲಿಲ್ಲ, ಅಂತಸ್ತಾಯಿತು. ಮೋಟರಿನ ಪ್ಲೇಟಿನ ಮೇಲೆ ಐದು, ಒಳಗೆ ಏಳೂವರೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ತಪ್ಪು ಯಾವತ್ತೂ ಟ್ರಾನ್ಸ್‌ಫಾರ್ಮರಿನದ್ದೇ.

ಈ ವಿದ್ಯೆ ಈಗ ತೋಟದಿಂದ ಕಾರ್ ಶೆಡ್ಡಿಗೆ ಬಂದಿದೆ. ಶುಂಠಿಗೆ ರೇಟು ಬಂದ ವರ್ಷ ಟರ್ಬೊ ಪೆಟ್ರೋಲ್ ಕಾರು ಕೊಂಡ ನಮ್ಮ ಹುಡುಗನೊಬ್ಬ, ಕಂಪನಿ ಕೊಟ್ಟ 120 ಎಚ್‌ಪಿ ತನ್ನ ಯೋಗ್ಯತೆಗೆ ಕಮ್ಮಿಯಾಯಿತು ಎಂದು ತೀರ್ಮಾನಿಸಿದ. ಉಪಾಯ ಇಷ್ಟೇ: ಟರ್ಬೊ ಪ್ರೆಶರ್ ಏರಿಸುವುದು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮುವ ಇಂಜೆಕ್ಟರನ್ನು ದೊಡ್ಡದು ಹಾಕುವುದು. ಬೆಂಗಳೂರಿನ ಅಂಗಡಿಯವರು ಫೋನಿನಲ್ಲೇ ನಿಮಿಷಕ್ಕೆ 350, 550, 1000 ಸಿಸಿ ಸುರಿಯುವ ಮೂರನ್ನೂ ತೋರಿಸಿದರು. ಮೂರರಲ್ಲಿ ದೊಡ್ಡದು ಯಾವುದೆಂದು ತಿಳಿಯಲು ಎಂಜಿನಿಯರಿಂಗ್ ಓದಬೇಕೆ? ಸಾವಿರದ್ದೇ ಬಂತು. ಡಬ್ಬಿಯ ಮೇಲೆ ಬೆಂಕಿಯ ಚಿತ್ರವೂ ಇತ್ತು.

ಶಿರಾಳಕೊಪ್ಪದ ಕಡೆಯ ಗ್ಯಾರೇಜಿನ ಮೇಸ್ತ್ರಿ ಡಬ್ಬಿ ಬಿಚ್ಚಿ, ಒಂದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು.

"ಎಷ್ಟು ಎಚ್‌ಪಿ ಬೇಕು ತಮ್ಮಾ?"

"ಎಷ್ಟು ಬರುತ್ತೋ ಅಷ್ಟೂ ಬರ್ಲಿ ಅಣ್ಣಾ."

"ಗಾಳಿ ಎಷ್ಟು ಕೊಡ್ತೀಯ?"

ಈ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿರಲಿಲ್ಲ. ಪೆಟ್ರೋಲಿಗೆ ದುಡ್ಡು ಕೊಡುತ್ತೇವೆ, ಗಾಳಿ ಪುಕ್ಕಟೆ. ಪುಕ್ಕಟೆ ಬಂದದ್ದರ ಲೆಕ್ಕ ಇಡುವ ಪದ್ಧತಿ ನಮ್ಮಲ್ಲಿಲ್ಲ.

ಮೇಸ್ತ್ರಿ ಅದೇ ಡಬ್ಬಿಯ ಬೆನ್ನಿಗೆ ಪೆನ್ಸಿಲ್ ಹಚ್ಚಿದರು. ಆ ಟರ್ಬೊ ಊದುವ ಗಾಳಿಗೆ 160 ಎಚ್‌ಪಿ ಬಂದರೆ ಪುಣ್ಯ. ಟರ್ಬೊ ಪೆಟ್ರೋಲ್ ಎಂಜಿನ್ ತುಂಬು ದುಡಿಮೆಯಲ್ಲಿ ಒಂದು ಎಚ್‌ಪಿಗೆ ಗಂಟೆಗೆ 270 ಗ್ರಾಂ ಆಸುಪಾಸು ಪೆಟ್ರೋಲ್ ಕುಡಿಯುತ್ತದೆ. ಒಟ್ಟು 43 ಕಿಲೋ ಚಿಲ್ಲರೆ. ನಾಲ್ಕು ಸಿಲಿಂಡರಿಗೆ ಪಾಲು ಮಾಡಿ. ಇಂಜೆಕ್ಟರನ್ನು ಎಂಬತ್ತು ಪರ್ಸೆಂಟಿಗಿಂತ ಹೆಚ್ಚು ಹೊತ್ತು ತೆರೆದಿಡಬಾರದು, ಉಳಿದಿದ್ದು ಅದರ ಉಸಿರಿಗೆ. ಒಂದೊಂದಕ್ಕೆ ನಿಮಿಷಕ್ಕೆ 305 ಸಿಸಿ ಸುಮಾರು ಬಿತ್ತು. ಈಗಿನ ಪೆಟ್ರೋಲಿನಲ್ಲಿ ಇಪ್ಪತ್ತು ಪರ್ಸೆಂಟ್ ಎಥನಾಲ್ ಇರುವುದರಿಂದ ಎಂಟೊಂಬತ್ತು ಪರ್ಸೆಂಟ್ ಸೇರಿಸಿದರೆ 330. "350ರದ್ದು ಧಾರಾಳ ಆಗೋದು ತಮ್ಮಾ" ಎಂದರು. ಹುಡುಗನ ಮುಖ, ಹೆಣ್ಣು ಕೊಡುವವರು 'ನೌಕರಿ ಪರ್ಮನೆಂಟಾ' ಎಂದು ಕೇಳಿದಾಗ ಆಗುವಂತೆ ಆಯಿತು.

ದೊಡ್ಡ ಇಂಜೆಕ್ಟರ್ ಬೇಡವೇ ಬೇಡ ಎಂದಲ್ಲ. ಟರ್ಬೊ ಒತ್ತಡ ಏರಿಸಿ ಹಳೆಯ ಇಂಜೆಕ್ಟರನ್ನೇ ಬಿಟ್ಟರೆ, ಅದು ಬಾಯಿ ಮುಚ್ಚದೆ ಸುರಿದರೂ ಸಾಲದು. ಪೆಟ್ರೋಲ್ ಕಮ್ಮಿಯಾಗಿ ಒಳಗೆ ಬಿಸಿ ಏರಿ ಎಂಜಿನ್ ನಾಕಿಂಗ್ ಹೊಡೆಯುತ್ತದೆ, ಪಿಸ್ಟನ್ನಿನ ತಲೆಗೆ ತೂತು ಬೀಳುತ್ತದೆ. ಅದಕ್ಕೇ ತುಂಬು ಬೂಸ್ಟಿನಲ್ಲಿ ಗಾಳಿ ಹನ್ನೆರಡು ಪಾಲಿದ್ದರೆ ಪೆಟ್ರೋಲ್ ಒಂದು ಪಾಲು ಇರಲೇಬೇಕು, ಕೊಂಚ ಹೆಚ್ಚಾದರೂ ಸರಿ. ಆದರೆ ಆ ಕೊಂಚ ಮೂರು ಪಟ್ಟಾಗುವುದು ನಮ್ಮ ಕಡೆ ಮಾತ್ರ.

ಸಾವಿರದ್ದಕ್ಕೆ ಇನ್ನೊಂದು ತಾಪತ್ರಯ. ಗಾಡಿ ಸುಮ್ಮನೆ ನಿಂತು ಗುರುಗುಡುವಾಗ ಎಂಜಿನ್ನಿಗೆ ಬೇಕಾದ ಹನಿಯನ್ನು ಅದು ಅರ್ಧ ಮಿಲಿಸೆಕೆಂಡಿನಲ್ಲಿ ಸುರಿದು ಮುಗಿಸಬೇಕು. ಬಾಯಿ ತೆರೆಯಲಿಕ್ಕೇ ಅದಕ್ಕೆ ಒಂದು ಮಿಲಿಸೆಕೆಂಡು ಹತ್ತಿರ ಬೇಕು. ಬ್ಯಾಟರಿ ಸೋತಿದ್ದರೆ ಇನ್ನೂ ತಡ. ಕಂಪ್ಯೂಟರಿಗೆ ಹೇಳದೆ ಹಾಕಿದಿರೋ, ಅದು ಹಳೆಯ ಇಂಜೆಕ್ಟರೇ ಇದೆ ಅಂದುಕೊಂಡು ಹಳೆಯಷ್ಟೇ ಹೊತ್ತು ತೆರೆಯುತ್ತದೆ. ಪ್ಲಗ್ಗು ಮಸಿ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಪೆಟ್ರೋಲ್ ನೇರ ಆಯಿಲ್ ಸಂಪಿಗೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಬಂಕಿನ ವಾಸನೆ.

ಇದೆಲ್ಲ ತಲೆಗೆ ಹೋಗದಿರಲು ಕಾರಣ ಹೊಗೆ. ನಮ್ಮದು ಡೀಸೆಲ್ ಸಂಸ್ಕೃತಿ. ಡೀಸೆಲ್ ಎಂಜಿನ್ನಿಗೆ ಎಣ್ಣೆ ಏರಿಸಿದಂತೆಲ್ಲ ಗಾಳಿ ಮುಗಿಯುವ ತನಕ ಪವರ್ರೂ ಏರುತ್ತದೆ. ಆಮೇಲೆ ಏರುವುದು ಕರಿಹೊಗೆ ಮತ್ತು ಟರ್ಬೊದ ಜ್ವರ. ಡೀಸೆಲ್ ಪಂಪಿನ ಸೀಲು ಒಡೆದು 'ಸ್ವಲ್ಪ ಏರಿಸು ಮೇಸ್ತ್ರಿ' ಎಂದು ಹೇಳಿ ಬೆಳೆದ ಚಿಕ್ಕಪ್ಪಂದಿರು ಈಗ ಪೆಟ್ರೋಲ್ ಕಾರಿಗೂ ಅದೇ ಮದ್ದು ಹೇಳುತ್ತಾರೆ. ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬ ಶುರುವಾದರೆ ನೋಡಬೇಕು: ಅಖಾಡದ ಬದಿಯಲ್ಲಿ ಟ್ರ್ಯಾಕ್ಟರ್ ರೇಸ್ ಮಾಡಿ ಕರಿಮೋಡ ಎಬ್ಬಿಸಿದವನಿಗೆ ಸಿಳ್ಳೆ, ಮೊಬೈಲಿನಲ್ಲಿ ವಿಡಿಯೊ. ಸುಡದೆ ಹೊರಬಿದ್ದ ದುಡ್ಡಿಗೆ ಸಿಳ್ಳೆ ಹೊಡೆಯುವ ಜನ ನಾವು. ವಿಚಿತ್ರವೆಂದರೆ, ಅಲ್ಲೇ ಕಟ್ಟಿದ, ಕೊಬ್ಬರಿ ಹಾರದ ಹೋರಿಗೆ ಹುರುಳಿ ಎಷ್ಟು, ಹಿಂಡಿ ಎಷ್ಟು, ಎಷ್ಟು ತಿಂದರೆ ಓಡುತ್ತದೆ, ಎಷ್ಟು ತಿಂದರೆ ಮಲಗುತ್ತದೆ ಎಂಬುದು ಇದೇ ಹುಡುಗರಿಗೆ ಬಾಯಿಪಾಠ. ಹೋರಿಗೆ ಹೊಟ್ಟೆಯಿದೆ ಎಂದು ಒಪ್ಪುತ್ತಾರೆ, ಎಂಜಿನ್ನಿಗಿದೆ ಎಂದರೆ ನಗುತ್ತಾರೆ.

ಕಾನೂನು ಎಂಬುದೊಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದಕ್ಕೇ ನಮ್ಮ ಹುಡುಗ ಬಾನೆಟ್ ತೆರೆಯುವ ಮುಂಚೆ ಗ್ಯಾರೇಜಿನ ಶಟರ್ ಎಳೆಸಿದ್ದು.

ಹಾಕಿಸಿಯೇಬಿಟ್ಟ. ಯಾರೋ ಲ್ಯಾಪ್‌ಟಾಪಿನವರು ಬಂದು ಕಂಪ್ಯೂಟರಿಗೂ ಏನೋ ತುಂಬಿ ಹೋದರು. ಮೊದಲ ಸವಾರಿ ಶಿರಾಳಕೊಪ್ಪದಿಂದ ಸೊರಬದ ದಾರಿಯಲ್ಲಿ. ಕೊಯ್ಲಿನ ಕಾಲ, ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಗಲು ಹರಡಿತ್ತು. 2025-26ರ ಆ ಹಂಗಾಮಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು, ಅದನ್ನು ಕೊಟ್ಟು ಕೊಳ್ಳುವವರಿರಲಿಲ್ಲ. ಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಯವರು ಬಂದಾರು ಎಂದು ರೈತರು ರಾಶಿ ಕಾಯುತ್ತಾ ಕೂತಿದ್ದರು. ಟ್ಯಾಂಕಿನೊಳಗಿನ ಇಪ್ಪತ್ತು ಪರ್ಸೆಂಟು, ಚಕ್ರದ ಕೆಳಗಿನ ನೂರು ಪರ್ಸೆಂಟನ್ನು ದಾಟಲಾರದೆ ಸೆಕೆಂಡ್ ಗೇರಿಗೆ ಇಳಿಯಿತು. ಇಳಿದದ್ದೇ ಗಾಡಿ ಕೆಮ್ಮಿ ಆಫ್.

"ಜೋಳ ತುಳೀಬೇಡಪ್ಪ, ಹಂಗೇ ತಳ್ಕಂಡು ಹೋಗು" ಎಂದಳು ರಾಶಿ ಕಾಯುತ್ತಿದ್ದ ಅಜ್ಜಿ.

ಈಗ ಹುಡುಗನಿಗೆ ಜ್ಞಾನೋದಯವಾಗಿದೆ: ಇಂಜೆಕ್ಟರ್ ದೊಡ್ಡದಾದದ್ದಲ್ಲ, ಟರ್ಬೊ ಚಿಕ್ಕದಾಯಿತು. ದೊಡ್ಡ ಟರ್ಬೊಗೆ ದುಡ್ಡು ಹೊಂದಿಸಲು ಸಾವಿರದ್ದನ್ನು 'ಹೆಚ್ಚು ಓಡಿಲ್ಲ' ಎಂದು ವಾಟ್ಸಾಪಿನಲ್ಲಿ ಮಾರಾಟಕ್ಕಿಟ್ಟಿದ್ದಾನೆ. ಸೊರಬದಿಂದ ಒಬ್ಬರ ಫೋನು ಬಂದಿದೆ. ಅವರದು ಡೀಸೆಲ್ ಪಿಕಪ್, ಒಳಗಿನ ಪ್ರೆಶರ್ರೇ ಸಾವಿರದಾರುನೂರು ಬಾರ್. ಇದು ಮೂರ್ನಾಲ್ಕು ಬಾರಿನ ಪೆಟ್ರೋಲ್ ಇಂಜೆಕ್ಟರ್. ಅದನ್ನು ಹೇಳಿದ್ದಕ್ಕೆ ಅವರು, "ಅದೆಲ್ಲ ಇರ್ಲಿ ಮಾರಾಯ, ಸಾವಿರದ್ದೇ ತಾನೇ?" ಎಂದು ಅಡ್ವಾನ್ಸ್ ಕಳಿಸಿದ್ದಾರೆ.