ಗೆಳೆಯನ ರೇಡಿಯೋ, ಇಲಿಯ ಕಡ್ಲೇಕಾಯಿ

ದುಡ್ಡು ಕೊಟ್ಟು ರಿಪೇರಿ ಮಾಡಿಸುವವರು ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತೆ, ಯಾವಾಗ ಕೊಡ್ತೀರಿ. ಗೆಳೆಯ ಎರಡನ್ನೂ ಕೇಳುವುದಿಲ್ಲ. "ನಿಧಾನಕ್ಕೆ ನೋಡು, ಅವಸರ ಏನಿಲ್ಲ" ಅನ್ನುತ್ತಾನೆ. ಅಲ್ಲಿಗೆ ನೀವು ಸಿಕ್ಕಿಬಿದ್ದಿರಿ. ಬಿಲ್ಲು ಬರೆಯುವ ಹಾಗಿಲ್ಲ, ಆಗೋದಿಲ್ಲ ಅಂತ ವಾಪಸು ಕೊಡುವ ಹಾಗಿಲ್ಲ. ಊಟದ ಟೇಬಲ್ಲನ್ನು ಯಾವಾಗ ಖಾಲಿ ಮಾಡ್ತೀರಿ ಎಂದು ಮನೆಯವರು ಕೇಳುವುದು ಮಾತ್ರ ನಿಲ್ಲುವುದಿಲ್ಲ.

ಪಾವಗಡದ ಗೆಳೆಯ ತನ್ನ ತಂದೆಯ ಕಾಲದ ಮರ್ಫಿ ವಾಲ್ವ್ ಸೆಟ್ಟನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಫುಲ್ ಟಿಕೆಟ್ ತೆಗೆದು, ಕಿಟಕಿ ಪಕ್ಕ ಕೂರಿಸಿಕೊಂಡು ಮಧುಗಿರಿಗೆ ತಂದ. ಲಗೇಜ್ ಚೀಟಿ ಹರಿಯಲು ಬಂದ ಕಂಡಕ್ಟರ್ ಜೊತೆ ಜಗಳವೂ ಆಯಿತಂತೆ. ಹಿಂದಿನ ರಟ್ಟಿನ ಸ್ಕ್ರೂ ಬಿಚ್ಚಿದೆ. ಒಳಗೊಂದು ಸಂಸಾರ ನಡೆದುಹೋಗಿತ್ತು. ದುಪ್ಪಟಿಯದೇ ಹತ್ತಿ, ಪಂಚಾಂಗದ ಚೂರು, ಟ್ರಾನ್ಸ್‌ಫಾರ್ಮರಿನ ಸುತ್ತ ಬೊಗಸೆಗಟ್ಟಲೆ ಕಡ್ಲೇಕಾಯಿ ಸಿಪ್ಪೆ. ಪಾವಗಡದ ಇಲಿ ಬೇರೇನು ತಂದೀತು? ಕಾಯಿ ಮುಗಿದ ಮೇಲೆ ಅದು ಸ್ಪೀಕರಿನ ಕಾಗದಕ್ಕೂ ಬಾಯಿ ಹಾಕಿತ್ತು. ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ತೂತಿನ ಅಂಚಿನಿಂದ ಒಂದೊಂದೇ ಪದರ ಹಚ್ಚುತ್ತ ಬಂದೆ. ದಪ್ಪವಾದರೆ ದನಿ ಕಟ್ಟುತ್ತದೆ, ತೆಳುವಾದರೆ ಬಾಸ್ ಬಂದಾಗ ಬಿರಿಯುತ್ತದೆ.

ಸಿಪ್ಪೆಯ ಅಡಿಯಲ್ಲಿ ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಮನೆಯಲ್ಲಿ ಹಾಡು ಕೇಳಲು ವರ್ಷವರ್ಷ ಸರ್ಕಾರಕ್ಕೆ ಫೀಜು ಕಟ್ಟುತ್ತಿದ್ದ ಕಾಲ. 1980ರ ದಶಕದಲ್ಲಿ ಆ ಪದ್ಧತಿಯೇ ಹೋಯಿತು. ಗೆಳೆಯನ ತಂದೆ ಅದಕ್ಕೂ ಮುಂಚೆಯೇ ಕಟ್ಟುವುದನ್ನು ಬಿಟ್ಟಿದ್ದರೆಂದು ಪುಟಗಳೇ ಹೇಳುತ್ತಿದ್ದವು. "ಬಡ್ಡಿ ಸೇರಿಸಿ ನೋಟೀಸ್ ಬಂದೀತೇನೋ?" ಎಂದು ಗೆಳೆಯ ಪುಸ್ತಕವನ್ನು ಜೇಬಿಗೆ ಸೇರಿಸಿದ.

ಹಳೇ ವಾಲ್ವ್ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬಾರದು. ವರ್ಷಗಟ್ಟಲೆ ಕರೆಂಟು ಕಾಣದ ಫಿಲ್ಟರ್ ಕಂಡೆನ್ಸರ್ ಒಮ್ಮೆಗೇ ಪೂರಾ ವೋಲ್ಟೇಜ್ ಬಿದ್ದರೆ ತಾನೂ ಹೋಗಿ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಅದಕ್ಕೇ ನಡುವೆ ತಂತಿ ಉರಿಯುವ ಹಳೇ ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕುತ್ತಾರೆ. ಬಲ್ಬು ಝಗ್ಗೆಂದು ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ಹತ್ತಿ ಮಂಕಾದರೆ ಮುಂದುವರಿಯಬಹುದು. ಮಧುಗಿರಿಯ ಅಂಗಡಿಗಳಲ್ಲಿ ಅಂಥ ಬಲ್ಬು ಎಲ್ಲಿದೆ? "9 ವಾಟಿನ ಎಲ್‌ಇಡಿ ತಗೊಳ್ಳಿ ಸಾರ್, 60ರ ಬೆಳಕು ಬರುತ್ತೆ" ಅಂದ ಹುಡುಗ. ನನಗೆ ಬೆಳಕು ಬೇಡ, ವಾಟ್ ಬೇಕು ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ಯಜಮಾನರನ್ನು ಕರೆದ. ಕೊನೆಗೆ ಬಲ್ಬು ಸಿಕ್ಕಿದ್ದು ಕೋಳಿ ಫಾರಮ್ಮಿನಲ್ಲಿ. ಮರಿಗಳ ಕಾವಿಗೆ ಹಾಕಿದ್ದ ಸಾಲಿನಿಂದ ಒಂದನ್ನು ಬಿಚ್ಚಿ ಕೊಟ್ಟರು.

ಸೆಟ್ ಹಾಡಿತು. ಹತ್ತು ನಿಮಿಷವಾದ ಮೇಲೆ ದನಿ ಒಡೆದು ಗೊಗ್ಗರಾಯಿತು. ಇಂಥದ್ದಕ್ಕೆ ಕೊರಟಗೆರೆಯಲ್ಲೊಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅಂಗಡಿ ಈಗ ಮಗನದು, ಮೊಬೈಲಿನದು. ಇವರಿಗೆ ಮೂಲೆಯ ಸ್ಟೂಲು. ಗೊರವನಹಳ್ಳಿ ಮಹಾಲಕ್ಷ್ಮಿಯ ಭಕ್ತರ ಜೊತೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಅವರನ್ನು ಕಂಡೆ.

"ಸದ್ದು ಹೆಂಗೆ ಬರ್ತದೆ, ಮಾಡಿ ತೋರ್ಸಿ" ಅಂದರು.

ಮೂಗಿನಲ್ಲಿ "ಗೊರ್ರ್ರ್" ಅಂದೆ.

"ಗೊರ್ರ್ ಅಂತದೋ, ಗರ್ರ್ ಅಂತದೋ? ಸರಿಯಾಗಿ ಹೇಳ್ಬೇಕು."

ಇನ್ನೊಮ್ಮೆ ಮಾಡಿದೆ. ಅವರೂ ಒಮ್ಮೆ ಮಾಡಿ ತಾಳೆ ನೋಡಿದರು. ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳಲು ಬಂದಿದ್ದ ಕಾಲೇಜು ಹುಡುಗಿಯರು ಫೋನನ್ನು ಅಲ್ಲೇ ಬಿಟ್ಟು ಆಚೆ ನಿಂತರು. "ಕಪ್ಲಿಂಗ್ ಕಂಡೆನ್ಸರ್ ಲೀಕು" ಎಂದು ತೀರ್ಪು ಬಂತು. ಕೊನೇ ವಾಲ್ವಿನ ಗ್ರಿಡ್ಡಿಗೆ ದನಿಯನ್ನಷ್ಟೇ ದಾಟಿಸಿ, ಹಿಂದಿನ ಹಂತದ ಡಿಸಿ ವೋಲ್ಟೇಜನ್ನು ತಡೆಯಬೇಕಾದ ಪುಟ್ಟ ಭಾಗ ಅದು. ಒಳಗಿನ ಕಾಗದಕ್ಕೆ ಪಸೆ ಹಿಡಿದರೆ ಡಿಸಿಯನ್ನೂ ಬಿಡುತ್ತದೆ. ಆಗ ವಾಲ್ವು ಮಿತಿ ಮೀರಿ ಕರೆಂಟು ಎಳೆದು ಕೆಂಪಗೆ ಕಾಯುತ್ತದೆ. ಹೊಸದರ ಬೆಲೆ ಒಂದು ಟೀಗಿಂತ ಕಮ್ಮಿ. ಆದರೆ ಅದು ಸಾಯುವಾಗ ಇಎಲ್ 84 ವಾಲ್ವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಈ ಇಎಲ್ 84ಕ್ಕೆ ಇಡೀ ಪ್ರಪಂಚದಲ್ಲಿ ಗಿರಾಕಿಗಳಿದ್ದಾರೆ. ಬೀಟಲ್ಸ್ ಹುಡುಗರು ಗಿಟಾರಿಗೆ ಹಚ್ಚುತ್ತಿದ್ದ ವಾಕ್ಸ್ ಎಸಿ 30 ಆಂಪ್ಲಿಫೈಯರಿನಲ್ಲಿ ಇದೇ ವಾಲ್ವು, ನಾಲ್ಕು. ಗಿಟಾರಿನವರ ದೆಸೆಯಿಂದ ಇವತ್ತಿಗೂ ಅದರ ಬೆಲೆ ಇಳಿದಿಲ್ಲ. ಪಾವಗಡದಲ್ಲಿ ಅದು ಅಷ್ಟು ವರ್ಷ ಹೇಳುತ್ತಿದ್ದದ್ದು ಕೃಷಿರಂಗ ಮತ್ತು ಪೇಟೆ ಧಾರಣೆ.

ಹಾಗಾಗಿ ಶಿರಾಕ್ಕೆ ಹೋದೆ. ಮೊಘಲರು ಸುಬಾ ಕಟ್ಟಿ ಆಳಿದ ಊರು. 1696ರ ಜಾಮಿಯಾ ಮಸೀದಿ ಇನ್ನೂ ನಿಂತಿರುವಲ್ಲಿ 1960ರ ದಶಕದ ವಾಲ್ವನ್ನು ಹಳೇದು ಅಂದರೆ ನಗುತ್ತಾರೆ. ಹೈವೇ ಬದಿಯ ಗುಜರಿಯಲ್ಲಿ ಕ್ಯಾಬಿನೆಟ್ ಇಲ್ಲದ ಒಂದು ಚಾಸಿ ಕಂಡಿತು. ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ ಕೇಜಿ ರೇಟು, ತಗಡಿಗೆ ಇನ್ನೊಂದು ರೇಟು, ಗಾಜಿಗೆ ರೇಟೇ ಇಲ್ಲ, ಹಾಗೇ ತಗೊಂಡು ಹೋಗಿ ಅಂದ. ವಾಲ್ವನ್ನು ಬೆಳಕಿಗೆ ಹಿಡಿದೆ. ಗಾಜಿನ ಒಳತುದಿಯ ಬೆಳ್ಳಿಬಣ್ಣ ಹಾಗೇ ಇತ್ತು; ಗಾಳಿ ಹೊಕ್ಕಿದ್ದರೆ ಬಿಳಿಯಾಗುತ್ತಿತ್ತು. ಮೇಲೆ ಬಿಇಎಲ್ ಎಂಬ ಅಚ್ಚು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ಇಂಥ ವಾಲ್ವ್ ಮಾಡಲು ಶುರುಮಾಡಿತು. ನಮ್ಮ ಬೆಂಗಳೂರಿನದೇ ಅಂತ ನನ್ನ ಮುಖ ಅರಳಿರಬೇಕು. ಗುಜರಿಯವನು ಅದನ್ನು ಕಂಡ. ಗಾಜಿಗೂ ರೇಟು ಬಂತು.

ಇಷ್ಟರ ನಡುವೆ ಗೆಳೆಯನ ಫೋನು. ಅವನಿಗೆ ಹಾಡಿನ ಚಿಂತೆಯಿಲ್ಲ, ಮ್ಯಾಜಿಕ್ ಐ ಚಿಂತೆ. ಸ್ಟೇಷನ್ ಸರಿಯಾಗಿ ಸಿಕ್ಕಾಗ ನೆರಳು ಕಿರಿದಾಗಿ ಹಸಿರು ಬೆಳಕು ಹರಡಿಕೊಳ್ಳುವ ಆ ಕಣ್ಣನ್ನು ನೋಡುತ್ತಲೇ ಅವನು ಬೆಳೆದದ್ದು. ದಿನಾ ಬೆಳಿಗ್ಗೆ "ಕಣ್ಣು ಬಿಡ್ತೇನಪ್ಪ?" ಎಂದು ಕೇಳುತ್ತಾನೆ. "ಇನ್ನೂ ಇಲ್ಲ, ನಿನ್ನೆ ಸ್ವಲ್ಪ ಬಿಟ್ಟು ಮುಚ್ಕೊಳ್ತು, ಮೈಯೆಲ್ಲ ಬಿಸಿ ಇತ್ತು" ಎಂದು ನಾನು ಜಗಲಿಯಲ್ಲಿ ನಿಂತು ಹೇಳುತ್ತೇನೆ. ಪಕ್ಕದ ಮನೆಯವರು ಒಂದು ದಿನ ಎಳನೀರು ಹಿಡಿದು ಬಂದು, ಪೇಷೆಂಟು ಯಾವ ಆಸ್ಪತ್ರೆಯಲ್ಲಿದ್ದಾರೆ, ವಯಸ್ಸೆಷ್ಟು ಎಂದು ಮೆಲ್ಲಗೆ ವಿಚಾರಿಸಿದರು. ವಯಸ್ಸು ಅರವತ್ತರ ಹತ್ತಿರ ಅಂದೆ. ಎಳನೀರು ನಾನೇ ಕುಡಿದೆ.

ಕಣ್ಣು ಬಿಟ್ಟ ಮೇಲೆ ಪಾವಗಡಕ್ಕೆ ನಾನೇ ಒಯ್ದೆ. ಪಡಸಾಲೆಯ ಗೋಡೆಯಿಂದ ಗೋಡೆಗೆ ತಂತಿಜಾಳಿಗೆಯ ಏರಿಯಲ್ ಇನ್ನೂ ಇತ್ತು, ಅದರ ಮೇಲೆ ಒಗೆದ ಟವಲ್ಲುಗಳೂ ಇದ್ದವು. ಗೆಳೆಯನ ತಾಯಿ ಬಾಗಿಲಲ್ಲೇ, "ನಂಗೆ ಬೆಂಗಳೂರೂ ಬರ್ಬೇಕು, ಕಡಪಾನೂ ಬರ್ಬೇಕು ಕಣಪ್ಪ" ಅಂದರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ವಾರ್ತೆ ಒಂದು ಭಾಷೆಯಲ್ಲಿ, ನಾಟಕ ಇನ್ನೊಂದರಲ್ಲಿ ಕೇಳಿದ ಮನೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಅಂದರೆ ಹಳೇ ಡಯಲ್ಲಿನಲ್ಲಿ 490 ಮೀಟರ್. ಮುಳ್ಳು ಅಲ್ಲಿಗೆ ಹೋಯಿತು. ಬಂದದ್ದು ಬರೀ ಜೊಯ್ಯ್.

ತಪ್ಪು ಸೆಟ್ಟಿನದಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್ಸು, ಎಲ್ಲದರ ಒಳಗಿನ ಸ್ವಿಚಿಂಗ್ ಸರ್ಕ್ಯೂಟೂ ಮೀಡಿಯಂ ವೇವಿನ ಮೇಲೆ ಗದ್ದಲ ಎಬ್ಬಿಸುತ್ತದೆ. ಒಂದೊಂದಾಗಿ ಆರಿಸುತ್ತ ಬಂದೆವು. ಟಿವಿ ಆರಿತು, ಬೆಂಗಳೂರು ಕೆಮ್ಮಿತು. ಚಾರ್ಜರ್ ಕಿತ್ತೆವು, ಒಂದು ಪದ ಬಂತು. ಪಡಸಾಲೆಯ ದೀಪ, ಅಡುಗೆಮನೆಯ ದೀಪ, ದೇವರ ಮನೆಯ ಮಿಣಿಮಿಣಿ ಸರ ಎಲ್ಲ ಆರಿದ ಮೇಲೆ ವಾರ್ತೆ ಅಚ್ಚುಕಟ್ಟಾಗಿ ಬಂತು. 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇರುವ ತಾಲ್ಲೂಕಿನಲ್ಲಿ ನಾವು ನಾಲ್ಕೈದು ಜನ ಕತ್ತಲಲ್ಲಿ ಹಸಿರು ಕಣ್ಣಿನ ಮುಂದೆ ಕೂತಿದ್ದೆವು. ಮಜೂರಿ ಅಂತ ಗೆಳೆಯ ಬಾಗಿಲ ಬಳಿ ಇಟ್ಟಿದ್ದ ಕಡ್ಲೇಕಾಯಿ ಚೀಲವನ್ನು ನಾನು ಎಡವಿದೆ.

ಎದುರು ಮನೆಯವರು ಇವರಲ್ಲಿ ಕರೆಂಟು ಹೋಗಿದೆಯೆಂದು ಫೋನ್ ಮಾಡಿರಬೇಕು. ಸ್ವಲ್ಪ ಹೊತ್ತಿಗೆ ಲೈನ್‌ಮನ್ ಬೈಕಿನಲ್ಲಿ ಬಂದು, ಟಾರ್ಚು ಬಿಟ್ಟು, "ಯಾವ ಫೇಸ್ ಹೋಗೈತಮ್ಮ?" ಅಂದ.

"ಯಾವ್ದೂ ಹೋಗಿಲ್ಲ ಬಾರಪ್ಪ" ಅಂದರು ತಾಯಿ. "ಬಂದಿದ್ದು ಒಳ್ಳೇದಾಯ್ತು. ಇನ್ನೂ ಒಂಚೂರು ಜೊಯ್ ಅಂತೈತೆ. ಆ ಬೀದಿ ದೀಪ ಒಂದು ಆರ್ಸಿಬಿಡು, ಕಡಪದ ವಾರ್ತೆ ಮುಗಿಯೋಗಂಟ."