ಮೋಚಾ ಅಯ್ಯಂಗಾರ್, ಒಳಗೆ ಬನ್ನಿ

ಟಿ. ಎಸ್. ಎಲಿಯಟ್ 1939ರಲ್ಲಿ ಬೆಕ್ಕುಗಳ ಮೇಲೊಂದು ಪದ್ಯದ ಪುಸ್ತಕ ತಂದಾಗ, ಪ್ರತಿ ಬೆಕ್ಕಿಗೂ ಮೂರು ಹೆಸರು ಇರಲೇಬೇಕು ಎಂದು ಪಟ್ಟು ಹಿಡಿದಿದ್ದ. ಪಾಪ, ಇಂದಿರಾನಗರ ನೋಡಿದವನಲ್ಲ. ನೂರಡಿ ರಸ್ತೆಯ ಯಾವುದೇ ಅಡ್ಡರಸ್ತೆಗೆ ಹೊಕ್ಕು ನೋಡಿ, ಫ್ಲ್ಯಾಟಿನ ಬೆಕ್ಕಿಗೆ ಮೂರು ಹೆಸರು ಬೆಳಗಿನ ಕಾಫಿಗೆ ಮೊದಲೇ ಖರ್ಚಾಗಿರುತ್ತವೆ. ಲಸಿಕೆಯ ಪುಸ್ತಕದಲ್ಲಿ ಅದು ಮೋಚಾ. ಹಾಸಿಗೆಯ ಮೇಲೆ ಮೋಚು. ಊಟದ ಹೊತ್ತಿಗೆ ಮೋಚಮ್ಮ, ಉಂಡ ಮೇಲೆ ಗುಂಡಮ್ಮ. ಸೋಫಾ ಪರಚಿದರೆ ರಾಕ್ಷಸಿ, ಪರಚಿ ಬಂದು ಮಡಿಲಲ್ಲಿ ಮಲಗಿದರೆ ಬಂಗಾರಿ, ಲಡ್ಡು, ಪಾಪಚ್ಚಿ. ಅಷ್ಟೋತ್ತರ ಶತನಾಮಾವಳಿಗೆ ಇನ್ನು ನೂರೇ ಬಾಕಿ.

ಇದೇ ಮೋಚಾ ಕಾಂಪೌಂಡು ಹಾರಿ ಅಪ್ಪಾರೆಡ್ಡಿಪಾಳ್ಯಕ್ಕೆ ಇಳಿದು ಹಾಲಿನ ಪಾತ್ರೆಗೆ ಬಾಯಿ ಹಾಕಿದರೆ, ಅಲ್ಲಿ ಅದಕ್ಕೆ ಸಿಗುವುದು ಒಂದೇ ಬಿರುದು: ಕಳ್ ಮುಂಡೇದು. ಕೆ.ಆರ್. ಪುರ ದಾಟಿ ಕೋಲಾರದ ಗಾಳಿ ಬೀಸತೊಡಗಿತೋ, ಬರೀ ಕೊತ್ತಿ. ಅಲ್ಲೂ ಅಡ್ಡಹೆಸರು ಇಲ್ಲವೆಂದಲ್ಲ. ಬಾಲ ತುಂಡಾದದ್ದು ಮೋಟ, ಮೈ ಕಪ್ಪಾದದ್ದು ಕರಿಯ. ಅವಕ್ಕೆ ಇನ್‌ಸ್ಟಾಗ್ರಾಂ ಖಾತೆ ಇಲ್ಲ, ಅಷ್ಟೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮಾಂಸದಂಗಡಿಯ ಮುಂದೆ ಧ್ಯಾನಕ್ಕೆ ಕೂರುವವೆಲ್ಲ ಮಾನೋ. ಅಲ್ಲೇ ಪಕ್ಕದಲ್ಲಿ ಮೆಟ್ರೊ ನಿಲ್ದಾಣ. ಅದಕ್ಕೆ ಸಂತ ಮೇರಿಯ ಹೆಸರಿಡಲು ಶಿಫಾರಸು ಮಾಡುತ್ತೇವೆಂದು 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂದದ್ದೇ ತಡ, ಛತ್ರಪತಿಯ ಪರವಾಗಿ ಮಹಾರಾಷ್ಟ್ರದಿಂದಲೂ ಗುಡುಗು ಕೇಳಿಸಿತು. ಆಗ ಆ ನಿಲ್ದಾಣಕ್ಕೆ ಪ್ರಯಾಣಿಕರನ್ನು ಹೊತ್ತ ಒಂದು ರೈಲೂ ಬಂದಿರಲಿಲ್ಲ. ಹಿಂದೊಮ್ಮೆ ಈ ಜಾಗಕ್ಕೆ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಮಾನೋನ ಪೂರ್ವಿಕರು ಆಗಲೂ ಆಕ್ಷೇಪಣೆ ಸಲ್ಲಿಸಿದ ದಾಖಲೆಯಿಲ್ಲ.

ಈಗ ಮೋಚಮ್ಮನ ಗೇಟಿಗೆ ಬನ್ನಿ. ರಾತ್ರಿಯಿಡೀ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಳ್ಳೆಗೆ ಮೈಯೊಡ್ಡಿ ಕೂರುವವನು ಭಯ್ಯಾ. ಹತ್ತು ಕೆ.ಜಿ. ಬೆಕ್ಕಿನ ಮರಳನ್ನು ಮೆಟ್ಟಿಲು ಹತ್ತಿಸುವವನೂ ಭಯ್ಯಾ, ಅಸ್ಸಾಮಿನವನಾಗಲಿ ಚಿಂತಾಮಣಿಯವನಾಗಲಿ. ಅವನ ಹೆಸರು ಆ್ಯಪಿನಲ್ಲಿ ದಪ್ಪಕ್ಷರದಲ್ಲೇ ಬಂದಿರುತ್ತದೆ. ಕಣ್ಣು ಹೋಗುವುದು ಮಾತ್ರ ಎಷ್ಟು ನಿಮಿಷ ತಡ ಎಂಬ ಕಡೆಗೆ. ಆ ಮರಳನ್ನು ದಿನಾ ಬಾಚುವಾಕೆ ದೀದಿ. ಬೆಕ್ಕೊಂದಕ್ಕೆ ಎಂಟು ಹೆಸರು ಹುಟ್ಟಿಸಿದ ಬಾಯಿಗೆ, ಆಕೆಯ ಅಪ್ಪ ಅಮ್ಮ ಇಟ್ಟ ಒಂದು ಹೆಸರು ಹೊರಳುವುದಿಲ್ಲ.

ನಿಜವಾದ ನಾಮಕರಣ ನಡೆಯುವುದು ಪಶುವೈದ್ಯರ ಕ್ಲಿನಿಕ್ಕಿನಲ್ಲಿ. ಫಾರಂನಲ್ಲಿ ಬೆಕ್ಕಿನ ಹೆಸರಿನ ಬಾಲಕ್ಕೆ ಒಡೆಯರ ಮನೆತನದ ಹೆಸರು ಅಂಟಿಕೊಳ್ಳುತ್ತದೆ. ಸಿಂಬಾ ರೆಡ್ಡಿ. ಓರಿಯೊ ಗೌಡ. ಮೋಚಾ ಅಯ್ಯಂಗಾರ್. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯವರು ಬಂದಾಗ, ಕಡ್ಡಾಯವಲ್ಲ ಅಂತ ಹೈಕೋರ್ಟೇ ಹೇಳಿದೆ ಎಂದು ಬಾಗಿಲ ಸಂದಿಯಿಂದ ಕಾನೂನು ಬೋಧಿಸಿದ್ದ ಮನೆಯೇ ಇದು. ನಾವು ಜಾತಿ ಗೀತಿ ನಂಬಲ್ಲ ಎಂದೂ ಸೇರಿಸಿದ್ದರು. ಬೆಕ್ಕು ನಂಬುತ್ತದೆಯೋ ಏನೋ.

"ಮೋಚಾ ಅಯ್ಯಂಗಾರ್, ಒಳಗೆ ಬನ್ನಿ" ಎಂದು ಕೌಂಟರಿನ ಹುಡುಗಿ ಕೂಗುತ್ತಾಳೆ. ಮೋಚಾಗೆ ಅಜೀರ್ಣ. ಏನು ಕೊಡ್ತೀರಿ ಎಂದು ಡಾಕ್ಟರು ಕೇಳಿದರೆ, ಬುಟ್ಟಿ ಹಿಡಿದು ಬಂದ ಡ್ರೈವರು, "ಟ್ಯೂನಾ ಮೀನು ಸಾರ್, ಮಡಿಯಾಗೇ ಕೊಡ್ತಾರೆ" ಎನ್ನುತ್ತಾನೆ. ಫಾರಂನಲ್ಲಿ, ಜೊತೆಗೆ ಬಂದವರ ಹೆಸರು ಎಂಬ ಕಾಲಂ ಖಾಲಿಯಿದೆ. ಹುಡುಗಿ ಮೇಡಂಗೇ ಫೋನು ಹಚ್ಚುತ್ತಾಳೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಡ್ರೈವರ್ ಅಂತ ಬರ್ಕೊಳಮ್ಮ. ಮತ್ತೆ ಪಾಪಚ್ಚಿಗೆ ಸೂಜಿ ಚುಚ್ಚೋವಾಗ ಹೆಸರು ಹಿಡಿದು ಮಾತಾಡಿಸೋಕೆ ಹೇಳು, ಇಲ್ದಿದ್ರೆ ಬೇಜಾರು ಮಾಡ್ಕೋತಾಳೆ."